ಗುತ್ತಿಗೆ ಜಮೀನಲ್ಲಿ ಹಸು ಕಟ್ಟುವವರಿಗೆ ಊರ ಡೈರಿ ಹೇಗೆ?

ನಮ್ಮದು ತುಮಕೂರು ಜಿಲ್ಲೆಯ ಹಳ್ಳಿ. ಸ್ವಂತ ಜಮೀನಿಲ್ಲ. ಎಕರೆ ಚಿಲ್ಲರೆ ಗುತ್ತಿಗೆಗೆ ಹಿಡಿದು, ಅದರ ಮೂಲೆಯಲ್ಲಿದ್ದ ಶೆಡ್ಡಿನಲ್ಲಿ ಸೀಮೆ ಹಸು ಕಟ್ಟಿ, ಊರಿನ ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುತ್ತಿದ್ದೇವೆ. ಆ ಸಂಘ, ಅಂದರೆ ನಾವೆಲ್ಲ ಡೈರಿ ಅನ್ನುವ ಜಾಗ, ನಮ್ಮಂಥವರಿಗೆ ಎಷ್ಟು ಉಪಯೋಗ ಅಂತ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಮನಸಾರೆ ಕೊಡುತ್ತೇನೆ.

ಮುಖ್ಯ ಕಾರಣ ಒಂದೇ. ಡೈರಿಯವರು ಪಹಣಿ ಕೇಳುವುದಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಬಂದ ಮೇಲೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನಲ್ಲೇ ತಡೆ ಇದೆ, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಹಳ್ಳಿಯಲ್ಲಿ ಗುತ್ತಿಗೆ ನಡೆಯುವುದೆಲ್ಲ ಬಾಯಿಮಾತಿನಲ್ಲಿ. ಕಾಗದ ಬರೆದುಕೊಡಿ ಅಂದರೆ ಜಮೀನಿನವರಿಗೆ ಭಯ. ಬೆಳೆಸಾಲ, ಬೆಳೆ ಪರಿಹಾರ ಎಲ್ಲ ಪಹಣಿಯಲ್ಲಿ ಹೆಸರಿದ್ದವರಿಗೇ ಹೋಗುತ್ತದೆ, ಉತ್ತವರು ನಾವಾದರೂ. ಹಾಲು ಮಾತ್ರ ಕ್ಯಾನ್ ಹಿಡಿದು ಬಂದವರ ಹೆಸರಲ್ಲೇ ಬರೆಯುತ್ತಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಷೇರಿನ ಹಣ ಕೊಟ್ಟರೆ ಸದಸ್ಯರಾಗಬಹುದು. ಬಟವಾಡೆ, ಅಂದರೆ ಹಾಲಿನ ಹಣ, ನೇರ ಖಾತೆಗೆ ಬರುತ್ತದೆ, ಹೆಂಗಸರ ಹೆಸರಲ್ಲಿ ಹಾಲು ಹಾಕಿದರೆ ಹೆಂಗಸರ ಖಾತೆಗೇ.

ನಮ್ಮ ಹೆಸರಲ್ಲಿ ಬರೆದ ಈ ಹಾಲಿನ ಲೆಕ್ಕ ಎಲ್ಲಿ ಕೆಲಸಕ್ಕೆ ಬಂತು ಗೊತ್ತಾ? ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಪಶುಪಾಲನೆಗೂ ಸಿಗುತ್ತದೆ. ಶೆಡ್ ಬಾಡಿಗೆಯದಾಗಲಿ ಗುತ್ತಿಗೆಯದಾಗಲಿ, ಗೇಣಿದಾರರಿಗೂ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನವೂ ಬೇಡ. ಆದರೂ ನಾವು ಹೋದ ಬ್ಯಾಂಕಿನಲ್ಲಿ ಕೌಂಟರಿನಲ್ಲಿದ್ದವರು ಮೊದಲು ಕೇಳಿದ್ದು ಪಹಣಿ. ಸಂಘದ ಸೆಕ್ರೆಟರಿ ನಾವು ಹಾಲು ಹಾಕಿದ ಲೆಕ್ಕ ತೆಗೆದು, ಸೀಲು ಹಾಕಿ, ಪತ್ರ ಬರೆದುಕೊಟ್ಟ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಜಮೀನಿಲ್ಲದವರ ಹತ್ತಿರ ಇಷ್ಟು ಗಟ್ಟಿಯಾದ ದಾಖಲೆ ಬೇರೆ ಏನಿದೆ ಹೇಳಿ. ಒಂದು ಮಾತು ನೆನಪಿರಲಿ, ಈ ಸಾಲ ಹಿಂಡಿ, ಮೇವು, ಔಷಧಿಯಂಥ ಖರ್ಚಿಗೆ. ಹಸು ಕೊಳ್ಳುವುದಕ್ಕೆ ಬೇರೆ ಸಾಲವೇ ಬೇಕು.

ಈಗ ಅಂಕ ಕಡಿಮೆ ಮಾಡಿದ ವಿಷಯ. ಪರೀಕ್ಷೆ ಮಾಡಿದ ಮೇಲೆ ಚೀಟಿ ಕೊಡುವುದು ನಮ್ಮ ಸಂಘದಲ್ಲಿ ಸರಿಯಿಲ್ಲ. ರೇಟು ನಿಂತಿರುವುದೇ ಫ್ಯಾಟು (ಹಾಲಿನ ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮೇಲೆ. ಫ್ಯಾಟು ಶೇ 3.5, ಎಸ್‌ಎನ್‌ಎಫ್ ಶೇ 8.5 ಬಂದರೆ ನೆಮ್ಮದಿ, ಎಸ್‌ಎನ್‌ಎಫ್ ಸ್ವಲ್ಪ ಇಳಿದರೂ ಲೀಟರಿನ ಮೇಲೆ ಹಣ ಕಡಿತ. ಕಾಗದ ಮುಗಿದಿದೆ, ಪ್ರಿಂಟರ್ ಕೆಟ್ಟಿದೆ ಅಂತ ಸುಮ್ನೆ ಬಾಯಲ್ಲಿ ಹೇಳಿ ಕಳಿಸಿದರೆ ಬಟವಾಡೆ ದಿನ ಏನನ್ನು ತಾಳೆ ನೋಡುವುದು? ಗುತ್ತಿಗೆ ಹಣ ತುಂಬಬೇಕಾದವರಿಗೆ ಒಂದೊಂದು ರೂಪಾಯಿಯೂ ಲೆಕ್ಕವೇ. ಸ್ಯಾಂಪಲ್ ತೆಗೆಯುವಾಗಲೂ ನಿಂತು ನೋಡಿ. ಕೊಬ್ಬು ಮೇಲೆ ತೇಲುತ್ತದೆ, ಹಾಲನ್ನು ಚೆನ್ನಾಗಿ ಕಲಕದೆ ತೆಗೆದ ಸ್ಯಾಂಪಲ್ಲಿಗೆ ಅರ್ಥವಿಲ್ಲ. ಇದನ್ನು ಜಗಳ ಮಾಡದೆ ಕೇಳಬಹುದು, ಟೆಸ್ಟರ್ ಅಣ್ಣ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ಕಡೆಯಿಂದಲೂ ಕೆಲಸ ಇದೆ. ಕಡೇ ಹನಿವರೆಗೂ ಕರೆಯಬೇಕು, ಕೊನೆಯ ಹಾಲಿನಲ್ಲೇ ಫ್ಯಾಟು ಜಾಸ್ತಿ. ಬರೀ ಹಸಿ ಮೇವು ತಿನ್ನಿಸಿದರೆ ಫ್ಯಾಟು ಇಳಿಯುತ್ತದೆ, ಜೊತೆಗೆ ರಾಗಿ ಹುಲ್ಲು ಇರಲೇಬೇಕು.

ಹಿಂಡಿ ಡೈರಿಯಲ್ಲೇ ಸಿಗುತ್ತದೆ, ನಂದಿನಿ ಹಾಲಿನ ಕೆಎಂಎಫ್‌ನವರ ಹಿಂಡಿ ಕಾರ್ಖಾನೆ ಗುಬ್ಬಿಯಲ್ಲಿದೆ, ನಮಗೆ ಹತ್ತಿರ. ಹಣ ಹಾಲಿನ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ, ಕೈಯಲ್ಲಿ ಕಾಸಿಲ್ಲದ ದಿನ ಇದು ದೊಡ್ಡ ಸಹಾಯ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಪಶು ಇಲಾಖೆಯವರು ಉಚಿತವಾಗಿ ಹಾಕುತ್ತಾರೆ, ಯಾವ ದಿನ ಬರುತ್ತಾರೆ ಅಂತ ಡೈರಿಯಲ್ಲೇ ತಿಳಿಯುತ್ತದೆ. ಹೊತ್ತಲ್ಲದ ಹೊತ್ತಲ್ಲಿ ಹಸುವಿಗೆ ಹುಷಾರು ತಪ್ಪಿದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಸರ್ಕಾರದ ಪ್ರೋತ್ಸಾಹಧನ ಲೀಟರಿನ ಲೆಕ್ಕದಲ್ಲಿ ಸಿಗುತ್ತದೆ, ಅದು ಬಟವಾಡೆಯ ಜೊತೆ ಬರುವುದಿಲ್ಲ, ಬೇರೆಯಾಗಿ ಖಾತೆಗೆ ಬೀಳುತ್ತದೆ, ತಡವೂ ಆಗುತ್ತದೆ. ತಿಂಗಳ ಖರ್ಚಿಗೆ ಅದನ್ನು ನಂಬಿ ಕೂರಬೇಡಿ.

ಮೇವಿನ ವಿಷಯದಲ್ಲಿ ಡೈರಿಯಲ್ಲಿ ಸಿಗುವ ಸಲಹೆಯೆಲ್ಲ ಸ್ವಂತ ಜಮೀನಿದ್ದವರಿಗೆ ಹೇಳಿದ್ದು. ನೇಪಿಯರ್ ಹುಲ್ಲು ಹಾಕಿ ಅನ್ನುತ್ತಾರೆ. ಒಳ್ಳೆ ಮೇವೇ, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ, ವರ್ಷಗಟ್ಟಲೆ ಬರುತ್ತದೆ. ಆದರೆ ಮುಂದಿನ ಯುಗಾದಿಗೆ ಜಮೀನು ಬಿಡಿ ಅಂದರೆ? ಅರ್ಧಕ್ಕೆ ನೇಪಿಯರ್, ಇನ್ನರ್ಧಕ್ಕೆ ಆಫ್ರಿಕನ್ ಟಾಲ್ ಅನ್ನುವ ಮೇವಿನ ಮೆಕ್ಕೆಜೋಳ ಅಂತ ನಾವು ಮಾಡಿಕೊಂಡಿದ್ದೇವೆ. ಜಾಗ ಬದಲಾದರೆ ನೇಪಿಯರ್ ಕಡ್ಡಿ ಕತ್ತರಿಸಿಕೊಂಡು ಹೋಗಿ ಹೊಸ ಜಾಗದಲ್ಲಿ ನೆಡಬಹುದು. ಮೆಕ್ಕೆಜೋಳವಲ್ಲ, ಬರೀ ಜೋಳ ಹಾಕುವವರು ಎಳೆ ಪೈರು ಮೇಯಿಸಬೇಡಿ, ಅದರಲ್ಲಿ ವಿಷ ಇರುತ್ತದೆ, ಹೂ ಬಂದ ಮೇಲೆ ಕೊಯ್ಯಿರಿ.

ಹೊಸದಾಗಿ ಶುರು ಮಾಡುವವರು ಜಮೀನಿನ ಮಾತು ಮುಗಿಸುವ ಮೊದಲೇ ಆ ಊರಿನ ಡೈರಿಗೆ ಒಂದು ಬೆಳಗ್ಗೆ ಹೋಗಿ ನಿಲ್ಲಿ. ಚೀಟಿ ಕೊಡುತ್ತಾರಾ, ಬಟವಾಡೆ ಹೇಳಿದ ದಿನ ಆಗುತ್ತದಾ, ಕರೆಂಟ್ ಹೋದರೆ ಪರೀಕ್ಷೆ ಹೇಗೆ ಮಾಡುತ್ತಾರೆ, ಹೊರಗಿನಿಂದ ಬಂದವರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಾರಾ, ಕ್ಯೂನಲ್ಲಿ ನಿಂತ ಅಕ್ಕಂದಿರನ್ನೇ ಕೇಳಿ, ಸರಿಯಾಗಿ ಹೇಳುತ್ತಾರೆ. ಎರಡು ಹಸು ಕೊಳ್ಳುವುದಾದರೆ ಒಟ್ಟಿಗೆ ಕರು ಹಾಕುವಂಥವನ್ನು ಕೊಳ್ಳಬೇಡಿ. ಕರು ಹಾಕುವ ಮೊದಲು ಎರಡು ತಿಂಗಳು ಹಾಲು ಬತ್ತಿಸಬೇಕು, ಎರಡೂ ಒಂದೇ ಸಲ ಬತ್ತಿದರೆ ಬಟವಾಡೆ ನಿಲ್ಲುತ್ತದೆ, ಗುತ್ತಿಗೆ ಹಣ ನಿಲ್ಲುವುದಿಲ್ಲ.