ಡ್ರೈಯರಿನ ಫ್ಯೂಸ್ ಪದೇ ಪದೇ ಸುಟ್ಟರೆ ಹೊಸ ಫ್ಯೂಸ್ ಹಾಕಿ ಸುಮ್ಮನಾಗಬೇಡಿ

ನ್ಯೂಜೆರ್ಸಿಯಲ್ಲಿ ನಾವು ಕೊಂಡ ಹಳೆಯ ಮನೆಯ ಜೊತೆಗೇ ಬಂದಿದ್ದ, ಬಟ್ಟೆ ಒಣಗಿಸುವ ಎಲೆಕ್ಟ್ರಿಕ್ ಡ್ರೈಯರ್ ಕಳೆದ ಚಳಿಗಾಲದಲ್ಲಿ ಇನ್ನೇನು ಹೊತ್ತಿಕೊಳ್ಳುವ ಸ್ಥಿತಿಗೆ ಬಂದಿತ್ತು. ಯಂತ್ರದ ದೋಷಕ್ಕಿಂತ ಅದನ್ನು ನಾವು ರಿಪೇರಿ ಮಾಡಿಸಿದ ರೀತಿಯೇ ಹೆಚ್ಚು ಅಪಾಯಕಾರಿಯಾಗಿತ್ತು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಸೂಚನೆಗಳು ಮೊದಲೇ ಇದ್ದವು. ಒಂದೇ ಸುತ್ತಿಗೆ ಒಣಗುತ್ತಿದ್ದ ಬಟ್ಟೆಗೆ ಎರಡು ಸುತ್ತು ಬೇಕಾಗುತ್ತಿತ್ತು. ಯಂತ್ರದ ಮೇಲ್ಭಾಗ ಅಂಗೈ ಇಡಲಾಗದಷ್ಟು ಕಾಯುತ್ತಿತ್ತು. ಚಳಿಗೆ ಹೀಗಾಗುತ್ತದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ದಿನ ಡ್ರಮ್ ತಿರುಗುತ್ತಿದ್ದರೂ ಬಿಸಿ ಬರುವುದು ನಿಂತುಹೋಯಿತು. ಬಿಚ್ಚಿ ನೋಡಿದಾಗ ಥರ್ಮಲ್ ಫ್ಯೂಸ್ ಸುಟ್ಟಿರುವುದು ಗೊತ್ತಾಯಿತು. ಶಾಖ ಮಿತಿ ಮೀರಿದಾಗ ಒಂದೇ ಬಾರಿ ಕಡಿದುಹೋಗಿ ವಿದ್ಯುತ್ತನ್ನು ನಿಲ್ಲಿಸುವ ಪುಟ್ಟ ಭಾಗ ಅದು. ಮತ್ತೆ ಕೂಡಿಸಲು ಬರುವುದಿಲ್ಲ, ಬದಲಾಯಿಸಲೇಬೇಕು. ಕೆಲವೇ ಡಾಲರ್‌ಗಳಲ್ಲಿ ಹೊಸದನ್ನು ತಂದು ಹಾಕಿ ಬೀಗಿದೆ. ಮೂರು ವಾರಕ್ಕೆ ಅದೂ ಸುಟ್ಟಿತು.

ಈ ಬಾರಿ ರಿಪೇರಿಯವನನ್ನು ಕರೆಸಿದೆವು. ಆತ ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ನಗದು ಪಡೆದು ಹೋದ. ಬಿಸಿಯೇನೋ ಬಂತು, ಹಿಂದೆಂದಿಗಿಂತ ಹೆಚ್ಚಾಗಿಯೇ ಬಂತು. ಹಾಸನದಿಂದ ಬಂದಿದ್ದ ಅಮ್ಮ, "ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಮರೆತ ಹಾಗೆ ವಾಸನೆ ಬರ್ತಿದೆ ಕಣೋ" ಎಂದು ಎರಡು ಸಲ ಹೇಳಿದರೂ, ಹೊಸ ಭಾಗದ ವಾಸನೆ ಇರಬೇಕೆಂದು ನಾನು ಕಿವಿಗೊಡಲಿಲ್ಲ. ಮೂರನೆಯ ದಿನ ದಿಂಬಿನ ಗವಸೊಂದು ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಹೊರಬಂತು. ಪ್ಲಗ್ ಕಿತ್ತು, ಯಂತ್ರವನ್ನು ಮುಂದಕ್ಕೆಳೆದು ಹಿಂಬದಿಯ ತಗಡು ತೆಗೆದರೆ, ಫ್ಯೂಸ್ ಇರಬೇಕಾದ ಜಾಗದಲ್ಲಿ ಎರಡು ವೈರ್‌ಗಳನ್ನು ಹೊಸೆದು ಟೇಪ್ ಸುತ್ತಲಾಗಿತ್ತು, ಆ ಟೇಪ್ ಕರಗಿ ಅಂಟಂಟಾಗಿತ್ತು.

ಫ್ಯೂಸಿನದ್ದು ತಪ್ಪೇ ಇರಲಿಲ್ಲ. ಬಿಸಿಗಾಳಿಯನ್ನು ಮನೆಯಿಂದ ಹೊರಹಾಕುವ 4 ಇಂಚಿನ ತೆಳು ಫಾಯಿಲ್ ಕೊಳವೆ ಗೋಡೆಗೂ ಯಂತ್ರಕ್ಕೂ ನಡುವೆ ಸಿಕ್ಕಿ ಎರಡು ಬೆರಳಗಲಕ್ಕೆ ಅಪ್ಪಚ್ಚಿಯಾಗಿತ್ತು. ಹೊರಗೋಡೆಯ ಮುಚ್ಚಳದೊಳಗೆ ಹಕ್ಕಿ ಗೂಡು ಕಟ್ಟಿತ್ತು. ಇವೆರಡರ ನಡುವೆ ಬಟ್ಟೆಯ ನಾರು ಒದ್ದೆ ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಎಳೆದು ತೆಗೆದಾಗ ಒಂದು ಬಕೆಟ್ ತುಂಬಿತು. 240 ವೋಲ್ಟ್‌ನಲ್ಲಿ ಸುಮಾರು 5,000 ವ್ಯಾಟ್ ಎಳೆಯುವ ಹೀಟರಿನ ಬಿಸಿಗಾಳಿಗೆ ಹೊರದಾರಿಯೇ ಇಲ್ಲದಿದ್ದರೆ ಇನ್ನೇನಾಗುತ್ತದೆ?

ಅಷ್ಟರಲ್ಲೇ ಮುಗಿಯಲಿಲ್ಲ. ಅತಿಶಾಖಕ್ಕೆ ಹೀಟರಿನ ಕಾಯಿಲ್ ಜೋತುಬಿದ್ದು, ತುಂಡಾಗಿ, ಲೋಹದ ಕವಚಕ್ಕೆ ತಾಗಿತ್ತು. ಪ್ಲಗ್ ತೆಗೆದ ಸ್ಥಿತಿಯಲ್ಲಿ, ಹೀಟರಿನ ವೈರ್‌ಗಳನ್ನು ಬಿಡಿಸಿ, ಅದರ ತುದಿಗೂ ಕವಚಕ್ಕೂ ವಿದ್ಯುತ್ ಸಂಪರ್ಕ ಅಳೆಯುವ ಮಲ್ಟಿಮೀಟರ್ ಹಿಡಿದರೆ ಯಾವ ಸಂಪರ್ಕವೂ ಕಾಣಬಾರದು, ನನ್ನದರಲ್ಲಿ ಕಂಡಿತು. ಹೀಗೆ ಕಾಯಿಲ್ ಕವಚಕ್ಕೆ ತಾಗಿದಾಗ, ಶಾಖ ನಿಯಂತ್ರಿಸುವ ಥರ್ಮೋಸ್ಟಾಟ್ 240 ವೋಲ್ಟ್ ಕೊಡುವ ಎರಡು ತಂತಿಗಳಲ್ಲಿ ಒಂದನ್ನು ಕಡಿದರೂ ಇನ್ನೊಂದರ 120 ವೋಲ್ಟ್‌ನಿಂದ ಕಾಯಿಲ್‌ನ ಒಂದು ಭಾಗ ಕಾಯುತ್ತಲೇ ಇರಬಹುದು. ಆದ್ದರಿಂದ ಕೊಳವೆ ಶುಚಿ ಮಾಡಿದ್ದೇ ಸಾಕೆಂದುಕೊಳ್ಳದೆ ಇದನ್ನೂ ಪರೀಕ್ಷಿಸಿ. ಕೈ ಪಳಗಿಲ್ಲದವರು ತಿಳಿದವರಿಂದಲೇ ಮಾಡಿಸಿ.

ಅಮೆರಿಕದ ಅಗ್ನಿಶಾಮಕ ಆಡಳಿತದ 2008–2010ರ ಅಂದಾಜಿನಂತೆ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣಗಳು ನಡೆಯುತ್ತಿದ್ದವು, ಶುಚಿ ಮಾಡದಿರುವುದೇ ಅವುಗಳಿಗೆ ಮುಖ್ಯ ಕಾರಣವಾಗಿತ್ತು. ನಾನು ಪ್ರತಿ ಸಲವೂ ನಾರು ಹಿಡಿಯುವ ಜಾಲರಿ ಒರೆಸುತ್ತಿದ್ದೆನಲ್ಲ ಎಂದು ಬಹಳ ದಿನ ವಾದಿಸಿದೆ, ಆದರೆ ಜಾಲರಿಯ ಆಚೆಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಈಗ ಗೋಡೆಯವರೆಗೂ ಗಟ್ಟಿ ಲೋಹದ ಕೊಳವೆ ಹಾಕಿಸಿದ್ದೇವೆ. ನಾರು ಸಿಕ್ಕಿಕೊಳ್ಳುತ್ತದೆಂದು ಒಳಕ್ಕೆ ಚಾಚುವ ಸ್ಕ್ರೂಗಳನ್ನು ಬಳಸಿಲ್ಲ. ಯಂತ್ರ ಓಡುವಾಗ ಹೊರಗೆ ಹೋಗಿ ಮುಚ್ಚಳದ ಬಳಿ ಕೈ ಹಿಡಿದರೆ ಗಾಳಿ ರಭಸವಾಗಿ ತಾಗಬೇಕು. ಹಳೆಯ ಡ್ರೈಯರನ್ನು ಮನೆಯೊಂದಿಗೆ ಪಡೆದವರು, ಅಥವಾ ಬೇರೆಯವರಿಂದ ರಿಪೇರಿ ಮಾಡಿಸಿದವರು, ಪ್ಲಗ್ ತೆಗೆದು ಹಿಂಬದಿಯ ತಗಡನ್ನು ಒಮ್ಮೆ ಬಿಚ್ಚಿ, ಅಲ್ಲಿರುವುದು ಫ್ಯೂಸೋ ಹೊಸೆದ ವೈರೋ ಎಂದು ಈ ವಾರವೇ ನೋಡಿಕೊಳ್ಳಿ.