ಬೆಡ್‌ಸೋರ್ ತಡೆಯಲು ಏರ್ ಬೆಡ್ಡೋ, ಫೋಮ್ ಹಾಸಿಗೆಯೋ?

ಮಲಗಿದಲ್ಲೇ ಇದ್ದು ಒಂದೇ ಜಾಗ ಒತ್ತಿ ಆಗುವ ಹುಣ್ಣೇ ಬೆಡ್‌ಸೋರ್. ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದು ಮಲಗಿದರೆ, ರಾಯಚೂರಿನಲ್ಲಿ ಮೊದಲು ಹುಡುಕುವುದು ಏರ್ ಬೆಡ್. ಪಂಪ್ ಅದರ ಗುಳ್ಳೆಗಳಿಗೆ ಸರದಿಯಂತೆ ಗಾಳಿ ತುಂಬಿ ಇಳಿಸುತ್ತದೆ, ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ. ಆದರೆ ಕರೆಂಟ್ ಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ಕರೆಂಟ್ ಹೋಗುವುದು ತಪ್ಪಿಲ್ಲ, ಅಲ್ವಾ? ಆಗಾಗ ಸೊಂಟದ ನೇರಕ್ಕೆ ಬೆಡ್‌ನ ಅಡಿಗೆ ಅಂಗೈ ತೂರಿಸಿ ನೋಡಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು.

ಒಳ್ಳೆಯ ದಪ್ಪ ಫೋಮ್‌ಗೆ ಈ ರಗಳೆ ಇಲ್ಲ. ಬ್ರಿಟನ್ನಿನಲ್ಲಿ 2,029 ರೋಗಿಗಳಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಏರ್ ಬೆಡ್ಡೇ ಮೇಲು ಎನ್ನುವಷ್ಟು ಖಚಿತ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಮಗ್ಗುಲು ಬದಲಿಸಲು ಜನ ಇದ್ದರೆ ನನ್ನ ಓಟು ಫೋಮ್‌ಗೆ. ಆಗಲೇ ಹುಣ್ಣಾಗಿದ್ದರೆ, ಇಲ್ಲವೇ ರೋಗಿಯನ್ನು ಹೊರಳಿಸುವುದೇ ಕಷ್ಟವಾದರೆ, ಆಸ್ಪತ್ರೆ ವಾರ್ಡಿನ ನರ್ಸನ್ನು ಕೇಳಿ ಏರ್ ಬೆಡ್ ತನ್ನಿ.

ಯಾವುದು ತಂದರೂ ಸುಮ್ನೆ ಮಲಗಿಸಿ ಬಿಡುವಂತಿಲ್ಲ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಪೂರ್ತಿ ಮಗ್ಗುಲಿಗಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ. ಮೀನಖಂಡದ ಕೆಳಗೂ ದಿಂಬಿಡಿ, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಸೊಂಟದ ಕೆಳಗಿಡುವ ಗಾಳಿ ತುಂಬಿದ ರಿಂಗ್ ಮಾತ್ರ ಬೇಡವೇ ಬೇಡ. ಅದರ ಅಂಚೇ ಒತ್ತಿ ರಕ್ತ ಓಡಾಡದಂತೆ ಮಾಡುತ್ತದೆ.