ಗ್ಲಾಸಿನಲ್ಲಿ ಕಂದು ಕೆಸರು ತೋರಿಸಿ 28 ಸಾವಿರ ತೆಗೆದುಕೊಂಡು ಹೋದರು

ಹೊಸೂರಿನಲ್ಲಿ, ಅದರಲ್ಲೂ ಬಾಗಲೂರು ರೋಡ್ ಕಡೆ ಇರುವವರು ಇದನ್ನು ಸ್ವಲ್ಪ ಓದಿ. "ನೀರು ಫ್ರೀಯಾಗಿ ಟೆಸ್ಟ್ ಮಾಡಿಕೊಡ್ತೀವಿ" ಅಂತ ಯಾರಾದರೂ ಬಾಗಿಲಿಗೆ ಬಂದರೆ ಒಳಗೆ ಬಿಡಬೇಡಿ. ನಾನು ಬಿಟ್ಟೆ.

ನಮ್ಮ ಬೀದಿಗೆ ಹೊಗೇನಕಲ್ ಯೋಜನೆಯ ಕಾವೇರಿ ನೀರು ಬಂದ ದಿನ ಹಬ್ಬ. ಮಿಕ್ಕ ದಿನ ನಲ್ಲಿಯಲ್ಲಿ ಬೋರ್‌ವೆಲ್ ನೀರು. ಉಪ್ಪು ನೀರು ಅಂತೀವಿ, ಬಾಯಿಗೆ ಅಂಥ ಉಪ್ಪೇನೂ ತಾಗುವುದಿಲ್ಲ, ಬಂಡೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿ ಬಂದ ಗಡಸು ನೀರು ಅಷ್ಟೇ. ಬೇಳೆ ಐದು ವಿಷಲ್ ಕೂಗಿದರೂ ಗಟ್ಟಿಯಾಗಿಯೇ ಕೂತಿರುತ್ತದೆ. ಸೋಪು ಎಷ್ಟು ಉಜ್ಜಿದರೂ ನೊರೆ ಇಲ್ಲ, ಬಕೆಟ್ ಅಂಚಿಗೆ ಬೂದು ಜಿಡ್ಡು ಮಾತ್ರ. ಗೀಸರ್ ಕಾಯಿಲ್ ಒಂದೂವರೆ ವರ್ಷದಲ್ಲಿ ಎರಡು ಸಲ ಸುಟ್ಟಿತ್ತು. ಹೀಗಿರುವಾಗ ಐಡಿ ಕಾರ್ಡ್ ನೇತುಹಾಕಿಕೊಂಡ ಇಬ್ಬರು ಹುಡುಗರು ಶನಿವಾರ ಬೆಳಗ್ಗೆ ಬಂದರೆ ದೇವರೇ ಕಳಿಸಿದ ಹಾಗೆ ಅನಿಸುತ್ತದೆ, ಅಲ್ವಾ?

ಮೊದಲು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಮೀಟರ್ ಅದ್ದಿದರು, 870 ತೋರಿಸಿತು. ಆಮೇಲೆ ಒಂದು ಗ್ಲಾಸಿಗೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವರೇ ತಂದ ಬಾಟಲಿ ನೀರು. ಲೋಹದ ಕಡ್ಡಿಗಳಿರುವ ಸಣ್ಣ ಡಬ್ಬಿಯನ್ನು ಪ್ಲಗ್‌ಗೆ ಹಾಕಿ ಎರಡಕ್ಕೂ ಇಳಿಸಿದರು. ನಮ್ಮದು ಹಳದಿಯಾಯಿತು, ಕಂದಾಯಿತು, ಮೇಲೆ ಹಸಿರು ನೊರೆ ಕಟ್ಟಿತು. ಅವರದು ಹಾಗೇ ಇತ್ತು. "ಅಮ್ಮಾ, ನೀವು ದಿನಾ ಕುಡಿಯೋದು ಇದನ್ನೇ. ಇದರಲ್ಲೇ ಫ್ಲೋರೈಡು" ಅಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಕೃಷ್ಣಗಿರಿ, ಧರ್ಮಪುರಿ ಕಡೆ ಫ್ಲೋರೈಡ್ ಕಾಟ ಇರುವುದು ನಿಜ, ಹೊಗೇನಕಲ್ ಯೋಜನೆ ತಂದಿದ್ದೇ ಅದಕ್ಕೆ. ಹಾಗಾಗಿ ನಾನೂ ನಂಬಿದೆ. 28 ಸಾವಿರ ಕೊಟ್ಟೆವು. "ಇಡೀ ಮನೆಗೆ ಸಾಫ್ಟ್‌ನರ್, ಗಡಸು ನೀರನ್ನ ಮೆದು ಮಾಡೋ ಮಷಿನ್, ಉಪ್ಪು ಹಾಕೋ ತಲೆನೋವಿಲ್ಲ" ಅಂತ ಟ್ಯಾಂಕಿನ ಪೈಪಿಗೆ ನೀಲಿ ಸಿಲಿಂಡರ್ ಕೂರಿಸಿ ಹೋದರು.

ನಾಲ್ಕು ತಿಂಗಳಿಗೆ ಗೀಸರ್ ಮತ್ತೆ ಢಮಾರ್. ಬಿಚ್ಚಿದಾಗ ಕಾಯಿಲ್ ಮೇಲೆ ಸುಣ್ಣದ ಗಾರೆ ಮೆತ್ತಿದ ಹಾಗೆ ಬಿಳಿ ಪದರ, ಅರ್ಧ ಮಗ್ ಪುಡಿ ಬಿತ್ತು. ಪ್ಲಂಬರ್ ಅಣ್ಣ ನೀಲಿ ಸಿಲಿಂಡರನ್ನೂ ಬಿಚ್ಚಿದರು. ಒಳಗೆ ನೂಲು ಸುತ್ತಿದ ಫಿಲ್ಟರ್ ಒಂದೇ. ಅದು ಮಣ್ಣು, ಮರಳು ತಡೆಯುತ್ತದೆ. ಕರಗಿದ ಕ್ಯಾಲ್ಸಿಯಂ ಅದರೊಳಗಿಂದ ಆರಾಮಾಗಿ ದಾಟಿ ಹೋಗುತ್ತದೆ.

ಆ ಗ್ಲಾಸಿನ ಆಟ ಬಯಲಾಗಿದ್ದು ಪಾಲಿಟೆಕ್ನಿಕ್ ಓದುವ ಅಕ್ಕನ ಮಗನಿಂದ. ಎರಡು ಕಬ್ಬಿಣದ ಮೊಳೆಗೆ 9 ವೋಲ್ಟ್ ಬ್ಯಾಟರಿ ಜೋಡಿಸಿ, ಲವಣ ಹೆಚ್ಚುಕಡಿಮೆ ತೆಗೆದಿರುವ ಆರ್‌ಒ ನೀರಿಗೆ ಇಳಿಸಿದ, ಏನೂ ಆಗಲಿಲ್ಲ. ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದ. ಅದೇ ಕಂದು ಕೆಸರು! ಆ ಬಣ್ಣ ನೀರಿನದಲ್ಲ, ಕರಗಿದ ಮೊಳೆಯದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ, ಇಷ್ಟೇ ವಿದ್ಯೆ. ಫ್ಲೋರೈಡ್ ಇದೆಯೋ ಇಲ್ಲವೋ ಇದರಿಂದ ತಿಳಿಯುವುದೇ ಇಲ್ಲ. ಟಿಡಿಎಸ್ ಮೀಟರಿಗೂ ಗಡಸು ಎಷ್ಟು ಅಂತ ಗೊತ್ತಾಗದು, ಎಲ್ಲ ಲವಣ ಸೇರಿಸಿ ಒಂದು ಅಂದಾಜು ಹೇಳುತ್ತದೆ.

ನಿಜವಾದ ಸಾಫ್ಟ್‌ನರ್‌ನಲ್ಲಿ ರೆಸಿನ್ ಅನ್ನುವ ಸಣ್ಣ ಮಣಿಗಳು ಇರುತ್ತವೆ, ಅದಕ್ಕೆ ಆಗಾಗ ಉಪ್ಪು ಹಾಕಲೇಬೇಕು. ಅದು ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಆದ್ದರಿಂದ ಟಿಡಿಎಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. "ಸಾಫ್ಟ್‌ನರ್ ಹಾಕಿದರೆ 870 ಇದ್ದಿದ್ದು 100ಕ್ಕೆ ಇಳಿಯುತ್ತೆ" ಅಂದವರು ಸುಳ್ಳು ಹೇಳುತ್ತಿದ್ದಾರೆ ಅಂತಲೇ ತಿಳಿಯಿರಿ. ಸೋಡಿಯಂ ಇರುವುದರಿಂದ ಬಿಪಿ ಇರುವವರು ಸಾಫ್ಟ್‌ನರ್ ನೀರು ಕುಡಿಯಬೇಡಿ, ಕುಡಿಯಲು ಬೇರೆ ವ್ಯವಸ್ಥೆ ಇರಲಿ.

ದುಡ್ಡು ಕೊಡುವ ಮುಂಚೆ ನೀರನ್ನು ಲ್ಯಾಬಿಗೆ ಕೊಟ್ಟು ಗಡಸುತನ, ಫ್ಲೋರೈಡ್ ಎರಡನ್ನೂ ನೋಡಿಸಿ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಕುಡಿಯಬಹುದು ಅನ್ನುತ್ತದೆ ಬಿಐಎಸ್, ಅಂದರೆ ಭಾರತೀಯ ಮಾನಕ ಸಂಸ್ಥೆ. ಮಷಿನ್ ಕೂರಿಸಿದ ಮೇಲೆ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡು ಬಾಟಲಿಯಲ್ಲಿ ಹಿಡಿದು ಸೋಪಿನ ಚೂರು ಹಾಕಿ ಕುಲುಕಿ. ಮಷಿನ್ ಕೆಲಸ ಮಾಡುತ್ತಿದ್ದರೆ ಹೊರಗೆ ಬರುವ ನೀರಿನಲ್ಲಿ ನೊರೆ ಚೆನ್ನಾಗಿ ಬರಬೇಕು. ನಮ್ಮದರಲ್ಲಿ ಎರಡೂ ಒಂದೇ ಥರ ಹಾಲೊಡೆದ ಹಾಗೆ ಆದವು.

ಬಿಲ್ಲಿನಲ್ಲಿದ್ದ ಫೋನ್ ನಂಬರ್ ಸ್ವಿಚ್ ಆಫ್. ಕಳೆದ ವಾರ ಪಕ್ಕದ ಬೀದಿಯಲ್ಲಿ ಅಂಥದ್ದೇ ಕಪ್ಪು ಬ್ಯಾಗ್ ಹಿಡಿದ ಇಬ್ಬರು ಓಡಾಡುತ್ತಿದ್ದರಂತೆ. ಅವರು ಬರುವುದು ಗಂಡಸರು ಡ್ಯೂಟಿಗೆ ಹೋದ ಮೇಲೆ, ಹತ್ತು ಹತ್ತೂವರೆಗೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಇವತ್ತೇ ಹೇಳಿಡಿ.